ಬೇಸಿಗೆಗೆ ಹಳೇ ಮಾದರಿಯ ಶೂ ಕೊಳ್ಳುವವರಿಗೆ

ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಅಶೋಕ ರಸ್ತೆಯಲ್ಲಿ ತೆಳು ಚಪ್ಪಲಿ ಹಾಕಿ ನಿಂತರೆ ಅಂಗಾಲು ಚುರ್ ಅನ್ನುತ್ತದೆ. ಈ ಬಿಸಿಲಿಗೆ ಕಾಲೇಜು ಹುಡುಗ ಹುಡುಗಿಯರು ಹಳೇ ಕಾಲದ ಮಾದರಿಯ ಶೂ ಹುಡುಕುತ್ತಿರುವುದು ನನಗಂತೂ ಖುಷಿ. ದಪ್ಪ ಸ್ಪಂಜಿನ ಶೂಗಳಿಗಿಂತ ಇವು ನೋಡಲೂ ಚೆಂದ, ಪ್ಯಾಂಟಿಗೂ ಚೂಡಿದಾರಕ್ಕೂ ಒಪ್ಪುತ್ತವೆ. ಆದರೆ ಹಳೇ ಮಾದರಿ ಅಂತ ಮಾರುವುದೆಲ್ಲ ಬೇಸಿಗೆಗೆ ಆಗಿಬರುವುದಿಲ್ಲ.

ಬಟ್ಟೆಯ ಶೂ ಬೇರೆ, ತೊಗಲಿನ ಶೂ ಬೇರೆ. ಕಾನ್ವರ್ಸ್ ಕಂಪನಿಯ ಆಲ್ ಸ್ಟಾರ್ 1917ರಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವವರಿಗೆ ಅಂತ ಬಂದದ್ದು, ಮೇಲೆ ಕ್ಯಾನ್ವಾಸ್, ಕೆಳಗೆ ರಬ್ಬರ್. ಬಾಟಾ ಟೆನಿಸ್ ಅಂತೂ 1936ರಲ್ಲಿ ನಮ್ಮ ದೇಶದಲ್ಲೇ ಶುರುವಾಯಿತು. ಶನಿವಾರದ ಡ್ರಿಲ್‌ಗೆ ಹಾಕಿ, ಕೊಳೆಯಾದ ಕಡೆ ಸೀಮೆಸುಣ್ಣ ತಿಕ್ಕಿ ಮೇಷ್ಟ್ರ ಕಣ್ಣು ತಪ್ಪಿಸುತ್ತಿದ್ದೆವಲ್ಲ, ಅದೇ ಬಿಳಿ ಶೂ. ಅಡಿಡಾಸ್ ಸೂಪರ್‌ಸ್ಟಾರ್ 1969ರದು, ಅದು ತೊಗಲಿನದು. ಅದರಂತೆ ಕಾಣುವ ಅಗ್ಗದ ಜೋಡಿಗಳು ಹೆಚ್ಚಾಗಿ ರೆಕ್ಸಿನ್‌ನವು. ರೆಕ್ಸಿನ್‌ನಲ್ಲಿ ಗಾಳಿ ಆಡುವುದಿಲ್ಲ, ಸಂಜೆಗೆ ಕಾಲು ಬೆಂದಿರುತ್ತದೆ. ಬೆರಳು ಮಡಚುವ ಜಾಗದಲ್ಲಿ ಮೇಲಿನ ಪದರ ಸಿಪ್ಪೆ ಏಳುತ್ತದೆ. ಅಷ್ಟಾದ ಮೇಲೆ ಯಾವ ಪಾಲಿಶೂ ಉಪಯೋಗಕ್ಕೆ ಬಾರದು.

ಹಾಗಾಗಿ ಬೇಸಿಗೆಗೆ ಬಟ್ಟೆಯದೇ ತಗೊಳ್ಳಿ. 1,500 ರೂಪಾಯಿ ದಾಟುವ ಅಗತ್ಯವೇ ಇಲ್ಲ. ಅಂದಹಾಗೆ 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಜೋಡಿಗೆ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿದಿದೆ. ಡಬ್ಬದ ಮೇಲೆ ಹಳೇ ಬೆಲೆಯೇ ಅಚ್ಚಾಗಿದ್ದರೆ ಸಂಕೋಚಪಡದೆ ಕೇಳಿ, ದುಡ್ಡು ನಿಮ್ಮದು ಅಲ್ವಾ?

ಅಂಗಡಿಯಲ್ಲಿ ಮೊದಲು ಶೂ ಒಳಗೆ ಕೈ ಹಾಕಿ. ಪಾದದ ಒಳಮಗ್ಗುಲಿಗೆ ಎರಡು ಸಣ್ಣ ಲೋಹದ ತೂತು ಇದ್ದರೆ ಒಳ್ಳೆಯದು, ಗಾಳಿ ಆಡಲಿ ಅಂತಲೇ ಅವನ್ನು ಇಟ್ಟಿರುತ್ತಾರೆ. ಒಳಗಿನ ಮೆತ್ತೆ ಎದ್ದು ಬರುತ್ತದಾ ನೋಡಿ. ಬೆವರಿನ ನಾತ ಕೂರುವುದೇ ಅದರಲ್ಲಿ. ಮೆತ್ತೆ ಬಂದರೆ ತೊಳೆಯಬಹುದು, ಅಂಟಿಸಿಬಿಟ್ಟಿದ್ದರೆ ಏನೂ ಮಾಡಲಾಗದು. ಮೆತ್ತೆ ತೆಗೆದಾಗ ಇನ್ನೊಂದು ಗುಟ್ಟೂ ತಿಳಿಯುತ್ತದೆ. ದಪ್ಪ ಅಂಚಿನ ಸೋಲ್‌ಗಳಲ್ಲಿ ಹೊರಗೆ ಸುತ್ತಲೂ ಹೊಲಿಗೆ ಕಾಣುತ್ತದಲ್ಲ, ಅದು ನಿಜವಾದ ಹೊಲಿಗೆಯಾದರೆ ಒಳಗಡೆಯೂ ದಾರ ಓಡಿರುತ್ತದೆ. ಒಳಗೆ ದಾರ ಇಲ್ಲದಿದ್ದರೆ ಹೊರಗಿನದು ಸುಮ್ನೆ ಅಚ್ಚಿನಲ್ಲಿ ಮೂಡಿಸಿದ ಗೆರೆ. ಹಿಡಿದಿರುವುದು ಬರೀ ಗೋಂದು. ಆಮೇಲೆ ಮುಂಭಾಗವನ್ನು ಕೈಯಲ್ಲಿ ಬಗ್ಗಿಸಿ, ಬಟ್ಟೆ ಮತ್ತು ರಬ್ಬರು ಕೂಡುವ ಕಡೆ ಹೆಬ್ಬೆರಳಿನಿಂದ ಒತ್ತಿ. ಕೂದಲೆಳೆಯಷ್ಟು ಸಂದು ಕಂಡರೂ ಬೇಡ ಅಂತ ವಾಪಸ್ ಕೊಡಿ.

ಸಂಜೆ ಹೊತ್ತಿಗೆ ಹೋಗಿ ಕೊಳ್ಳಿ, ಸೆಕೆಗೆ ಕಾಲು ಸ್ವಲ್ಪ ಊದಿರುತ್ತದೆ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಬಿಡಿ. ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಬಟ್ಟೆ ಅಗಲಕ್ಕೆ ಒಂದಿಷ್ಟು ಹಿಗ್ಗೀತು, ಉದ್ದಕ್ಕೆ ಹಿಗ್ಗುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸುವವರು ಗಂಡಸರ ಶೂನಲ್ಲಿ ಯುಎಸ್ ನಂಬರು ಯುಕೆಗಿಂತ ಸುಮಾರು ಒಂದು ಜಾಸ್ತಿ ಅನ್ನೋದನ್ನ ನೆನಪಿಡಿ.

ಈ ಚಪ್ಪಟೆ ಸೋಲಿನ ಶೂ ಹಾಕಿಕೊಂಡು ಕುಂದವಾಡ ಕೆರೆ ಸುತ್ತ ದಿನಾ ವಾಕಿಂಗ್ ಮಾಡಬೇಡಿ. ಹಿಮ್ಮಡಿ ನೋವಿನವರಂತೂ ಮುಟ್ಟಲೇಬೇಡಿ. ಮಂಡಿಪೇಟೆಗೆ, ಕಾಲೇಜಿಗೆ, ಸಂಜೆ ಬೆಣ್ಣೆ ದೋಸೆಗೆ ಹೋಗಿಬರಲು ಸರಿ.

ತೊಳೆಯುವ ವಿಷಯಕ್ಕೆ ಬರೋಣ, ಅರ್ಧ ಶೂ ಹಾಳಾಗುವುದೇ ಇಲ್ಲಿ. ಲೇಸು, ಮೆತ್ತೆ ಬಿಚ್ಚಿ, ಮೊದಲು ಒಣ ಬ್ರಷ್‌ನಿಂದ ಧೂಳು ಕೊಡವಿ. ಧೂಳಿದ್ದಂತೆ ನೀರು ಹಾಕಿದರೆ ಕೆಸರು ನೂಲಿನೊಳಗೆ ಇಳಿಯುತ್ತದೆ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಹಳೇ ಹಲ್ಲುಜ್ಜುವ ಬ್ರಷ್, ಇಷ್ಟೇ. ಬ್ಲೀಚ್ ಹಾಕಬೇಡಿ, ಬಿಳಿ ರಬ್ಬರು ಹಳದಿಯಾಗುತ್ತದೆ. ರಬ್ಬರಿನ ಅಂಚಿಗೆ ಚಿಟಿಕೆ ಅಡುಗೆ ಸೋಡಾ ಒದ್ದೆ ಮಾಡಿ ತಿಕ್ಕಿದರೆ ಸಾಕು. ಬೋರ್‌ವೆಲ್‌ನ ಗಡಸು ನೀರಲ್ಲಿ ಸೋಪು ಬೇಗ ಬಿಡುವುದಿಲ್ಲ, ಉಳಿದ ಸೋಪೇ ಒಣಗುವಾಗ ಹಳದಿ ಕಲೆಯಾಗುತ್ತದೆ. ಮೂರ್ನಾಲ್ಕು ಸಲ ಜಾಲಿಸಿ, ಕೊನೆಯ ನೀರಿಗೆ ಎರಡು ಚಮಚ ವಿನಿಗರ್ ಹಾಕಿ. ಆಮೇಲೆ ಬಿಳಿ ಟಿಶ್ಯೂ ಕಾಗದವನ್ನು ಮೇಲೆಲ್ಲ ಸುತ್ತಿ ಒಣಗಲು ಬಿಡಿ. ಹಳದಿ ಅಂಶ ಬಟ್ಟೆಯಲ್ಲಿ ನಿಲ್ಲದೆ ಕಾಗದಕ್ಕೆ ಏರುತ್ತದೆ. ಒಳಗೆ ಹಳೇ ಬಟ್ಟೆ ತುರುಕಿ, ಆಕಾರ ಕೆಡುವುದಿಲ್ಲ. ಪೇಪರ್ ತುರುಕಿದರೆ ಶಾಯಿ ಹತ್ತುವ ಭಯ ಇರುತ್ತದೆ.

ಒಣಗಿಸುವುದು ನೆರಳಲ್ಲೇ. ಮೇ ತಿಂಗಳ ತಾರಸಿಯ ಬಿಸಿಗೆ ಗೋಂದು ಮೆತ್ತಗಾಗಿ ಸೋಲ್ ಬಾಯಿ ಬಿಡುತ್ತದೆ. ಬಾಯಿ ಬಿಟ್ಟಿದ್ದು ಸಣ್ಣದಿರುವಾಗಲೇ ಚಮ್ಮಾರರ ಹತ್ತಿರ ಒಯ್ದು ಸುತ್ತ ಹೊಲಿಗೆ ಹಾಕಿಸಿಬಿಡಿ, ಮತ್ತೊಂದು ಬೇಸಿಗೆ ಬರುತ್ತದೆ.

ಕಾಲಿಗೆ ಹತ್ತಿ ಸಾಕ್ಸೇ ಇರಲಿ. ಒಂದೇ ಜೋಡಿಯನ್ನು ದಿನಾ ಹಾಕಬೇಡಿ, ಒಂದು ದಿನ ಬಿಟ್ಟು ಹಾಕಿದರೆ ಬೆವರು ಪೂರ್ತಿ ಆರುತ್ತದೆ. ಹೊಸದು ತಂದ ದಿನವೇ ರಸ್ತೆಗಿಳಿಯದೆ ಮನೆಯೊಳಗೆ ಸಾಕ್ಸ್ ಹಾಕಿಕೊಂಡು ಒಂದು ಗಂಟೆ ಓಡಾಡಿ. ಕಿರುಬೆರಳು ಒತ್ತಿದರೆ ಬಿಲ್ಲು, ಡಬ್ಬ ಸಮೇತ ಮರುದಿನವೇ ಅಂಗಡಿಗೆ ಹೋಗಿ. ಸೋಲಿಗೆ ಧೂಳು ಹತ್ತಿರದಿದ್ದರೆ ಬದಲಾಯಿಸಿ ಕೊಡಲು ಹೆಚ್ಚು ತಕರಾರು ಮಾಡುವುದಿಲ್ಲ.