ಬೆಲ್ಟ್ ಕಟ್ ಆದ ಜಿಪ್ಸಿ: ಹೆಡ್ ಬಿಚ್ಚದೆ ಓಡಿಸಿದ ನನ್ನ ಅನುಭವ

ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿನ ಜೊತೆಗೇ, ವಾಲ್ವ್ ತೆರೆಯುವ ಕ್ಯಾಮನ್ನೂ ತಿರುಗಿಸುವ ಬೆಲ್ಟ್) ಕಟ್ ಆದ ಗಾಡಿ ಬಂತು ಅಂದರೆ ಬೆಳಗಾವಿಯ ಗ್ಯಾರೇಜುಗಳಲ್ಲಿ ಒಂದೇ ಮಾತು: "ವಾಲ್ವ್ ಬೆಂಡ್ ಆಗ್ಯಾವ್ರಿ, ಹೆಡ್ ಬಿಚ್ಚಾಕ ಬೇಕು." ಹೆಡ್ ಅಂದರೆ ವಾಲ್ವ್‌ಗಳು ಕೂತಿರುವ ಎಂಜಿನ್ನಿನ ಮೇಲ್ಭಾಗ. ಜಾಂಬೋಟಿ ದಾಟಿ ನಿಂತುಹೋದ ಹಳೆ ಮಾರುತಿ ಜಿಪ್ಸಿಗೂ ಹಾಗೇ ಹೇಳಿದ್ದರು. 1.3 ಲೀಟರ್ ಕಾರ್ಬುರೇಟರ್, 8 ವಾಲ್ವ್ ಎಂಜಿನ್. ಅಂದಾಜು ಖರ್ಚು 14 ಸಾವಿರ ಅಂತೆ. ನನ್ನ ಹತ್ತಿರ ಎಳೆದುಕೊಂಡು ಬಂದರು.

ನಾನು ಹೆಡ್ ಮುಟ್ಟಲಿಲ್ಲ. ಈ ಎಂಜಿನ್‌ನಲ್ಲಿ ವಾಲ್ವ್ ಪೂರ್ತಿ ತೆರೆದಿದ್ದರೂ ಪಿಸ್ಟನ್ ತಾಗುವುದಿಲ್ಲ. ಹಿಂದೊಮ್ಮೆ ಗುಜರಿಗೆ ಹೊರಟಿದ್ದ ಇಂಥದೇ ಎಂಜಿನ್ ಸಿಕ್ಕಿತ್ತು. ಪಿಸ್ಟನ್ ಮೇಲೆ ಮೆತ್ತನೆ ಜೇಡಿಮಣ್ಣು ಮೆತ್ತಿ, ಹೆಡ್ ಕೂರಿಸಿ, ಕೈಯಲ್ಲೇ ತಿರುಗಿಸಿದೆ. ಮಣ್ಣಿನಲ್ಲಿ ವಾಲ್ವಿನ ಅಚ್ಚು ಬಿತ್ತು, ತಳ ಮಾತ್ರ ಮುಟ್ಟಿರಲಿಲ್ಲ. ಹೆಡ್ ಫೇಸಿಂಗ್ (ತಳ ಉಜ್ಜಿ ಸಮ ಮಾಡುವುದು) ಮಾಡಿಸಿ ಮಾಡಿಸಿ ತೆಳ್ಳಗಾಗಿದ್ದರೆ ಮಾತ್ರ ಈ ಲೆಕ್ಕ ನಂಬಬೇಡಿ.

ಆದರೂ ನೋಡದೆ ಬೆಲ್ಟ್ ಹಾಕಬಾರದು ಅಲ್ವಾ? ಪ್ಲಗ್ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಏನೂ ಕಾಣುವುದಿಲ್ಲ, ಸುಮ್ನೆ ಟೈಮ್ ವೇಸ್ಟ್. ನಾನು ಅದೇ ತೂತಿನಿಂದ ಸಿಲಿಂಡರಿಗೆ ಗಾಳಿ ಹಾಕುತ್ತೇನೆ; ವಾಲ್ವ್ ಬೆಂಡ್ ಆಗಿದ್ದರೆ ಸರಿಯಾಗಿ ಮುಚ್ಚದೆ ಗಾಳಿ ಸೋರುತ್ತದೆ. ಹಳೆ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು, ಅದಕ್ಕೆ ನಿಪ್ಪಲ್ ವೆಲ್ಡ್ ಮಾಡಿಸಿ ಇಟ್ಟುಕೊಂಡಿದ್ದೇನೆ. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ನೂರೋ ನೂರೈವತ್ತೋ ಕೊಟ್ಟ ನೆನಪು. ಕ್ರ್ಯಾಂಕನ್ನು ಟಿಡಿಸಿ (ಪಿಸ್ಟನ್ ತೀರಾ ಮೇಲೆ ಬರುವ ಜಾಗ) ಗುರುತಿನಿಂದ ಕಾಲು ಸುತ್ತು ತಿರುಗಿಸಿದರೆ ನಾಲ್ಕೂ ಪಿಸ್ಟನ್ ನಡುವೆ ನಿಲ್ಲುತ್ತವೆ. ಗಾಡಿ ಗೇರಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಬೆಲ್ಟ್ ಇಲ್ಲವಲ್ಲ, ಕ್ಯಾಮ್ ಒಂದನ್ನೇ ತಿರುಗಿಸಿ ಬೇಕಾದ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಬಹುದು. ಆಮೇಲೆ ಕಿವಿಗೊಡಿ. ಸೈಲೆನ್ಸರಿನಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರಿನಲ್ಲಿ ಬಂದರೆ ಇನ್‌ಟೇಕ್. ಆಯಿಲ್ ಮುಚ್ಚಳದಲ್ಲಿ ಜೋರಾಗಿ ಬಂದರೆ ಪಿಸ್ಟನ್ ರಿಂಗ್.

ಜಿಪ್ಸಿಯಲ್ಲಿ ಆಯಿಲ್ ಮುಚ್ಚಳದ ಹತ್ತಿರ ಸ್ವಲ್ಪ ಗಾಳಿ ಬಿಟ್ಟರೆ ಬೇರೆ ಎಲ್ಲೂ ಸದ್ದಿಲ್ಲ. ಅಷ್ಟು ಮಾಮೂಲಿ, ಅಂದರೆ ವಾಲ್ವ್ ಬೆಂಡ್ ಆಗಿಲ್ಲ. ಬೆಲ್ಟ್ ಕಟ್ ಆಗಲು ಕಾರಣ ಕ್ಯಾಮ್ ಸೀಲ್. ಆಯಿಲ್ ಸೋರಿ ಬೆಲ್ಟ್ ಉಬ್ಬಿ ಹಲ್ಲು ಕಿತ್ತುಬಂದಿದ್ದವು. ಗುರುತು ಕೂಡಿಸಿ ಹೊಸದು ಹಾಕಿ, ಸ್ಪ್ಯಾನರಿನಲ್ಲಿ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿದೆ. ಬಿಗಿ ನೋಡಲು ನನ್ನದೇ ಒಂದು ಲೆಕ್ಕ ಇದೆ, ಅದು ನನ್ನ ಹತ್ತಿರವೇ ಇರಲಿ. ಕಂಪ್ರೆಷನ್ ನಾಲ್ಕು ಸಿಲಿಂಡರಿನಲ್ಲೂ 160 ಪಿಎಸ್‌ಐ ಆಸುಪಾಸು ಬಂತು. ಮೊದಲ ಸೆಲ್ಫ್‌ಗೇ ಸ್ಟಾರ್ಟ್! ಬೆಲ್ಟ್, ಟೆನ್ಷನರ್, ಸೀಲು, ಕೂಲಿ ಎಲ್ಲ ಸೇರಿ 3 ಸಾವಿರದೊಳಗೆ ಮುಗಿಯಿತು. ಹೆಡ್ ಬಿಚ್ಚಿ ಅಂದವರೇ ಬಂದು ಸದ್ದು ಕೇಳಿ ಹೋದರು.

ಇಂಡಿಕಾ 1.4 ಡೀಸೆಲ್‌ಗೆ ಈ ಧೈರ್ಯ ಬೇಡ. ಅದರಲ್ಲಿ ಜಾಗವೇ ಇಲ್ಲ, ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ನನ್ನ ಹತ್ತಿರ ಬಂದ ಒಂದಕ್ಕೆ ವಾಲ್ವ್, ಗೈಡ್, ಗ್ಯಾಸ್ಕೆಟ್ ಅಂತ 18 ಸಾವಿರ ದಾಟಿತು. ಬೆಲ್ಟ್ ಕಟ್ ಆದ ಮೇಲೂ ಓನರ್ ಸೆಲ್ಫ್ ಹೊಡೆಯುತ್ತಲೇ ಇದ್ದರಂತೆ. ಡೀಸೆಲ್ ಗಾಡಿ ಓಡುತ್ತಾ ನಿಂತರೆ ಕೀ ತೆಗೆದು ಜೇಬಿಗೆ ಹಾಕಿ, ಎಳೆಸಿಕೊಂಡು ಬನ್ನಿ.