ಟಿಕೆಟ್ ಕೇಳುವ ಮುಂಚೆ ಬೂತ್ ಲೆಕ್ಕ ಬರೆಯಿರಿ

ನಾನು ಹೊಸದುರ್ಗದವನು, ತೆಂಗಿನಕಾಯಿ ವ್ಯಾಪಾರ. ಇಪ್ಪತ್ತು ವರ್ಷದಿಂದ ನಮ್ಮೂರ ಬೂತಿನಲ್ಲಿ ಏಜೆಂಟ್ ಆಗಿ ಕೂತಿದ್ದೇನೆ. ವಿಧಾನಸಭೆಗೆ ಟಿಕೆಟ್ ಕೇಳಬೇಕು ಅಂತ ಹೊರಟ ಹುಡುಗರು ಈಗೀಗ ಅಂಗಡಿಗೆ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಭ್ಯರ್ಥಿಯನ್ನು ಪಕ್ಷ ಹೀಗೇ ಆರಿಸಬೇಕು ಅಂತ ಯಾವ ಕಾನೂನೂ ಇಲ್ಲ. ಬೆಂಗಳೂರಲ್ಲಿ ಹೆಸರು ಸೋಸುತ್ತಾರೆ. ಕಾಂಗ್ರೆಸ್, ಬಿಜೆಪಿ ಎರಡರಲ್ಲೂ ಕೊನೆ ಮಾತು ದಿಲ್ಲಿಯ ಕೇಂದ್ರ ಚುನಾವಣಾ ಸಮಿತಿಯದು. 2023ರ ಚುನಾವಣೆಗೆ ಕಾಂಗ್ರೆಸ್ ಅರ್ಜಿಗೆ 5 ಸಾವಿರ, ಜೊತೆಗೆ 2 ಲಕ್ಷದ ಡಿಡಿ ಕೇಳಿತ್ತು. ಪರಿಶಿಷ್ಟರಿಗೆ 1 ಲಕ್ಷ. ಬಿಜೆಪಿ ಪದಾಧಿಕಾರಿಗಳಿಂದ ಮತ ಹಾಕಿಸಿ ಅಭಿಪ್ರಾಯ ಪಡೆದಿತ್ತು. ಇದರ ಜೊತೆ ಸಮೀಕ್ಷೆ ಬೇರೆ ನಡೆಯುತ್ತದೆ.

ಹುಡುಗರು ಮೊದಲು ಹೇಳುವ ಮಾತು, 'ನಾನು ಊರಿನವನು, ಹೊರಗಿನವರಿಗೆ ಯಾಕೆ ಕೊಡಬೇಕು?' ಮಾತೇನೋ ನ್ಯಾಯವೇ. ಆದರೆ ನಮ್ಮ ಚಿತ್ರದುರ್ಗ ಲೋಕಸಭಾ ಕ್ಷೇತ್ರ ನೋಡಿ. 2019ರಲ್ಲಿ ಆನೇಕಲ್ ಕಡೆಯ ಎ. ನಾರಾಯಣಸ್ವಾಮಿ ಗೆದ್ದರು. 2024ರಲ್ಲಿ ಮುಧೋಳದ ಗೋವಿಂದ ಕಾರಜೋಳ ಗೆದ್ದರು. ಇಲ್ಲೇ ಬೆವರು ಸುರಿಸಿದ ಕಾರ್ಯಕರ್ತನಿಗೆ ಸಂಕಟ ಆಗುತ್ತೆ ಅಲ್ವಾ? ಆದರೂ ಊರಿನವನು ಅನ್ನುವುದೊಂದೇ ಸಾಲದು. ಊರಿನವನಿಗೆ ಮಾತ್ರ ಗೊತ್ತಿರುವುದನ್ನು ಕಾಗದದಲ್ಲಿ ತೋರಿಸಬೇಕು.

ಅದಕ್ಕೇ ಬೂತ್ ಲೆಕ್ಕ. ಚುನಾವಣಾ ಆಯೋಗದ 'ಫಾರಂ 20'ರಲ್ಲಿ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಓಟು ಬಿತ್ತು ಅಂತ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಸಿಗುತ್ತದೆ. ಹಿಂದಿನ ಎರಡು ಚುನಾವಣೆಯದು ತೆಗೆಯಿರಿ. ಒಂದು ಲಾಂಗ್ ನೋಟ್‌ಬುಕ್ ತಗೊಂಡು ಬೂತಿಗೊಂದು ಪುಟ ಬಿಡಿ. ಮೇಲೆ ಓಟಿನ ಲೆಕ್ಕ. ಕೆಳಗೆ ನಮ್ಮ ಪಕ್ಷದವರು ಯಾರು, ಮುನಿಸಿಕೊಂಡವರು ಯಾರು, ಯಾಕೆ ಅಂತ ಬರೆಯಿರಿ. ನನ್ನ ನೋಟ್‌ಬುಕ್‌ನ ಒಂದು ಪುಟದಲ್ಲಿ 'ಕುಡಿಯೋ ನೀರಿನ ಟ್ಯಾಂಕ್ ಆಗಲಿಲ್ಲ, 40 ಮನೆ' ಅಂತಿದೆ. ಬೆಂಗಳೂರಿನಿಂದ ಫೋನ್ ಮಾಡುವ ಸಮೀಕ್ಷೆಯವರಿಗೆ ಇದು ಸಿಗಲ್ಲ. ಪಕ್ಷದ ವೀಕ್ಷಕರು ಬಂದಾಗ ಹಾರ ಹಿಡಿದು ನಿಲ್ಲುವ ಬದಲು ಈ ನೋಟ್‌ಬುಕ್ ಅವರ ಮುಂದೆ ಇಡಿ.

ನಿಮ್ಮ ಮೇಲೆ ಕೇಸಿದ್ದರೆ ಮೊದಲೇ ಹೇಳಿಬಿಡಿ, ಭದ್ರಾ ಮೇಲ್ದಂಡೆ ನೀರಿಗಾಗಿ ರಸ್ತೆ ತಡೆದ ಕೇಸಾದರೂ ಸರಿ. ಕೇಸಿರುವವರಿಗೆ ಟಿಕೆಟ್ ಕೊಟ್ಟರೆ ಯಾಕೆ ಕೊಟ್ಟೆವು ಅಂತ ಪಕ್ಷ 48 ಗಂಟೆಯೊಳಗೆ ಪ್ರಕಟಿಸಬೇಕು. ಸುಪ್ರೀಂ ಕೋರ್ಟ್ ಆದೇಶ ಅದು. 'ಗೆಲ್ಲುತ್ತಾರೆ' ಅಂದರಷ್ಟೇ ಸಾಲದು.

ಇನ್ನು ಬಿ ಫಾರಂ, ಅಂದರೆ ಇವರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಚುನಾವಣಾಧಿಕಾರಿಗೆ ಕೊಡುವ ಪತ್ರ. ಇದನ್ನು ಹೇಳುವಾಗ ಈಗಲೂ ಹೊಟ್ಟೆ ಕಿವುಚುತ್ತದೆ. ನಾನು ಹಿಂದೆ ಓಡಾಡಿದ ಆಕಾಂಕ್ಷಿಯೊಬ್ಬರಿಗೆ 'ನಿಮ್ಮದೇ ಟಿಕೆಟ್' ಅಂದಿದ್ದರು. ನಂಬಿ, ಒಬ್ಬರೇ ಸೂಚಕರ (ಅಭ್ಯರ್ಥಿಯ ಹೆಸರು ಸೂಚಿಸುವ ಮತದಾರರ) ಸಹಿ ಹಾಕಿಸಿ ನಾಮಪತ್ರ ಕೊಟ್ಟೆವು. ಕೊನೆ ದಿನ ಮಧ್ಯಾಹ್ನ ಬಿ ಫಾರಂ ಇನ್ನೊಬ್ಬರ ಹೆಸರಿಗೆ ಬಂತು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಬಿ ಫಾರಂ ಇಲ್ಲದಿದ್ದರೆ ಪಕ್ಷೇತರರ ಲೆಕ್ಕ, ಅವರಿಗೆ ಹತ್ತು ಜನ ಬೇಕು. ಪರಿಶೀಲನೆಯಲ್ಲಿ ನಮ್ಮ ನಾಮಪತ್ರ ಬಿದ್ದುಹೋಯಿತು. ಆರು ವರ್ಷದ ಓಡಾಟ ಅದು.

ಆದ್ದರಿಂದ ಬಿ ಫಾರಂ ಕೈಗೆ ಬರುವವರೆಗೆ ಯಾರ ಮಾತನ್ನೂ ಟಿಕೆಟ್ ಅಂದುಕೊಳ್ಳಬೇಡಿ. ಬಂದ ಮೇಲೆ ಹೆಸರು ಸರಿಯಿದೆಯಾ, ಸಹಿ ಶಾಯಿಯಲ್ಲೇ ಇದೆಯಾ ನೋಡಿ. ಫ್ಯಾಕ್ಸ್ ಪ್ರತಿ ನಡೆಯಲ್ಲ. ನಾಮಪತ್ರದ ಕೊನೆ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅದು ಚುನಾವಣಾಧಿಕಾರಿ ಕೈ ಸೇರಬೇಕು. ನಾಲ್ಕು ಸೆಟ್ ನಾಮಪತ್ರದವರೆಗೆ ಕೊಡಬಹುದು, ಠೇವಣಿ 10 ಸಾವಿರ ಒಂದೇ ಸಲ, ಪರಿಶಿಷ್ಟರಿಗೆ 5 ಸಾವಿರ. ಒಂದು ಸೆಟ್ಟಿಗೆ ಹತ್ತು ಸೂಚಕರ ಸಹಿ ಹಾಕಿಸಿಡಿ. ಅದು ಬಂಡಾಯ ಅಲ್ಲ, ಬೇಡವೆಂದರೆ ವಾಪಸ್ ತೆಗೆಯಬಹುದು. ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಮತದಾರರ ಪಟ್ಟಿಯಲ್ಲಿ ಅವರ ಭಾಗ ಸಂಖ್ಯೆ, ಕ್ರಮ ಸಂಖ್ಯೆ ನೋಡಿ ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಿ.