ಪಿಯುಸಿ ಶೇ 62, ಸಿಇಟಿ 150: ಸೀಟು ಹಿಡಿದ ಲೆಕ್ಕ

ಪಿಯುಸಿ ಪಿಸಿಎಂ (ಭೌತ, ರಸಾಯನ, ಗಣಿತ) 300ಕ್ಕೆ 186. ಎಂಜಿನಿಯರಿಂಗ್ ಸೀಟಿಗೆ ಬರೆಯುವ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ 180ಕ್ಕೆ 150ರ ಆಸುಪಾಸು. ಈ ಜೋಡಿ ನೋಡಿದವರೆಲ್ಲ ‘ಮ್ಯಾನೇಜ್‌ಮೆಂಟ್ ಕೋಟಾನೇ ಗತಿ’ ಅಂದಿದ್ದರು. ಅವರ್ಯಾರೂ ಕೂತು ಲೆಕ್ಕ ಹಾಕಿರಲಿಲ್ಲ.

ರ‍್ಯಾಂಕಿಗೆ ಸಿಇಟಿ, ಪಿಯುಸಿ ಅಂಕ 50:50 ಅನ್ನುವುದು ಗೊತ್ತಿರುವುದೇ. ಆದರೆ ಒಂದು ಕಡೆ 180, ಇನ್ನೊಂದು ಕಡೆ 300. ಹಾಗಾಗಿ ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ನನ್ನ 62 ಮತ್ತು 83.3ರ ಸರಾಸರಿ 72.67. ಪಿಯುಸಿಯಲ್ಲಿ ಶೇ 95 ತೆಗೆದು ಸಿಇಟಿಯಲ್ಲಿ 90ಕ್ಕೆ ನಿಂತವರದು 72.5. ಕೂದಲೆಳೆಯಷ್ಟಾದರೂ ನಾನೇ ಮೇಲೆ.

ದುಡ್ಡು ಮೊದಲು ಹೋದದ್ದು ಬಿಟ್ಸ್ ಪಿಲಾನಿಯ ಪ್ರವೇಶ ಪರೀಕ್ಷೆ ಬಿಟ್‌ಸ್ಯಾಟ್‌ಗೆ. ಅಲ್ಲಿ ಪಿಸಿಎಂ ಒಟ್ಟು ಶೇ 75, ಪ್ರತಿ ವಿಷಯಕ್ಕೆ ಕನಿಷ್ಠ 60 ಬೇಕು. ಸ್ಕೋರ್ ಎಷ್ಟಿದ್ದರೂ ಬಾಗಿಲು ತೆರೆಯದು. ಮೂರು ಸಾವಿರದ ಮೇಲಿನ ಶುಲ್ಕ ನೀರಿಗೆ ಹಾಕಿದಂತಾಯಿತು. ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆಗಳಾದ ಎನ್‌ಐಟಿಗಳಿಗೂ ಶೇ 75, ಇಲ್ಲವೇ ಬೋರ್ಡಿನ ಟಾಪ್ 20 ಪರ್ಸೆಂಟೈಲ್ (ಮೇಲಿನ ಶೇ 20 ಮಂದಿಯೊಳಗೆ ಸ್ಥಾನ) ಬೇಕು. ಆ ದಾರಿಯೂ ಬಂದ್.

ಆಮೇಲೆ ಪಿಯುಸಿ ಗಣಿತ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿದೆ, ಸುಮಾರು 530 ರೂಪಾಯಿ. ಮರುಮೌಲ್ಯಮಾಪನಕ್ಕೆ ಮತ್ತೆ 1,670ರಷ್ಟು. ಒಂದಂಕವೂ ಏರಲಿಲ್ಲ, ಏರುವಂತೆಯೂ ಇರಲಿಲ್ಲ. ಮ್ಯಾಟ್ರಿಕ್ಸ್ ವಿಧಾನದ 5 ಅಂಕದ ಲೆಕ್ಕದಲ್ಲಿ ಎಕ್ಸ್, ವೈ, ಝಡ್ ಮೂರೂ ಸರಿ. ಆದರೆ ಡಿಟರ್ಮಿನೆಂಟ್ ಆದ ಮೇಲೆ ಅಡ್ಜಾಯಿಂಟ್ ಬರೆಯದೆ ನೇರ ಉತ್ತರಕ್ಕೆ ಹಾರಿದ್ದೆ. ಸಿಇಟಿಯ ಎಂಸಿಕ್ಯೂ (ಉತ್ತರ ಗುರುತಿಸುವ ಪ್ರಶ್ನೆ) ಚಟ! ಬರೆಯದ ಹಂತಕ್ಕೆ ಯಾರು ಅಂಕ ಕೊಡುತ್ತಾರೆ? ಹಾಗಂತ ಆ 530 ದಂಡವಲ್ಲ, ರೋಗ ಎಲ್ಲಿದೆ ಅಂತ ತೋರಿಸಿದ್ದೇ ಅದು.

ಅದೇ ವರ್ಷ ಮತ್ತೆ ನಡೆಯುವ ಪಿಯುಸಿ ಪರೀಕ್ಷೆ-2ರಲ್ಲಿ ಗಣಿತ ಒಂದನ್ನೇ ಬರೆದೆ. ಹೆಚ್ಚಿನ ಅಂಕವೇ ಉಳಿಯುವುದರಿಂದ ನಷ್ಟದ ಭಯವಿಲ್ಲ. ಭೌತ, ರಸಾಯನ ಶಾಸ್ತ್ರಗಳಲ್ಲಿ ಥಿಯರಿ 70ಕ್ಕೆ, ಗಣಿತದಲ್ಲಿ 80ಕ್ಕೆ. ಏರಲು ಜಾಗ ಇದ್ದದ್ದು ಇಲ್ಲೇ. ಹೊಸದೇನೂ ಓದಲಿಲ್ಲ, ಹಳೆಯ 5 ಅಂಕದ ಪ್ರಶ್ನೆಗಳನ್ನು ಸಾಲಿಗೊಂದು ಹಂತದಂತೆ ಬರೆದು ಬರೆದು ಕೈ ಪಳಗಿಸಿದೆ. 58 ಇದ್ದದ್ದು 76 ಆಯಿತು. ಸರಾಸರಿಗೆ ನೇರ 3 ಕೂಡಿತು, ಅಂದರೆ ಸಿಇಟಿಯಲ್ಲಿ ಹೆಚ್ಚುಕಡಿಮೆ 11 ಪ್ರಶ್ನೆ ಜಾಸ್ತಿ ಬಿಡಿಸಿದಷ್ಟು. ಹೊಸ ಅಂಕ ಸಿಇಟಿ ನಡೆಸುವ ಕೆಇಎ (ಪರೀಕ್ಷಾ ಪ್ರಾಧಿಕಾರ) ಲಾಗಿನ್‌ನಲ್ಲಿ ಸೇರಿದೆಯೇ ಎಂದು ಖುದ್ದಾಗಿ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ನಡುವೆ ಒಂದು ಚಪಲ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯದ್ದರಿಂದ, ಬಾರದ ಪ್ರಶ್ನೆಗಳಿಗೆಲ್ಲ ಒಂದೇ ಆಯ್ಕೆ ತುಂಬಿದರೆ ಲಾಭವೇ ಎಂದು ಹಳೆಯ ಕೀ ಉತ್ತರಗಳ ಮೇಲೆ ಪ್ರಯೋಗಿಸಿದೆ. ನಾಲ್ಕಕ್ಕೊಂದರ ಸುತ್ತಲೇ ಸುತ್ತುತ್ತದೆ, ಬೇರೆ ಜಾದೂ ಇಲ್ಲ. ಎರಡು ಆಯ್ಕೆ ಹೊಡೆದುಹಾಕಿ ಊಹಿಸಿದರೆ ಫಲ ಇಮ್ಮಡಿ.

ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌-ಕೆಯಲ್ಲಿ ಪಿಯುಸಿ ಅಂಕ ಬರೀ ಅರ್ಹತೆಗೆ (ಸಾಮಾನ್ಯ ವರ್ಗಕ್ಕೆ ಶೇ 45), ರ‍್ಯಾಂಕ್ ಪೂರ್ತಿ ಪರೀಕ್ಷೆಯದು. ನಮ್ಮಂಥವರಿಗೆಂದೇ ಮಾಡಿಟ್ಟಂತಿದೆ. ಆದರೆ ವೇಗ ಬೇರೆ: ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಇಲ್ಲಿ 180 ಪ್ರಶ್ನೆಗೆ ಮೂರೇ ಗಂಟೆ. ರಸಾಯನಶಾಸ್ತ್ರವನ್ನು 40 ನಿಮಿಷದಲ್ಲಿ ಮುಗಿಸಿ, ಅಲ್ಲಿ ಉಳಿಸಿದ ಸಮಯವನ್ನು ಗಣಿತಕ್ಕೆ ಕೊಟ್ಟೆ. ಸೀಟು ಬಂತು. ಶುಲ್ಕ ಮಾತ್ರ ವರ್ಷಕ್ಕೆ ಎರಡೂವರೆ ಲಕ್ಷ ದಾಟುತ್ತದೆ. ಸಿಇಟಿ ಸೀಟಿಗೆ ಒಂದು ಲಕ್ಷದ ಆಚೀಚೆ. ಅದಕ್ಕೇ ಅದನ್ನು ಕೈಯಲ್ಲಿಟ್ಟುಕೊಂಡು ಸಿಇಟಿ ಸುತ್ತುಗಳಿಗೆ ಕಾದೆ.

ಆಪ್ಷನ್ ಎಂಟ್ರಿಯಲ್ಲಿ (ಕಾಲೇಜು, ಬ್ರಾಂಚ್‌ಗಳ ಆದ್ಯತಾ ಪಟ್ಟಿ) ಆಸೆಯ ಕ್ರಮದಲ್ಲೇ ತುಂಬಿ, ನಿಜ ಹಂಚಿಕೆಗೆ ಮುನ್ನ ತೋರಿಸುವ ಅಣಕು ಹಂಚಿಕೆ ಬಂದ ಮೇಲೆ ಜೋಡಣೆ ಬದಲಿಸಿದೆ. ಮೊದಲ ಹತ್ತನ್ನು ಹೇಗೆ ಕೂಡಿಸಿದೆ ಅನ್ನುವುದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ತಮ್ಮನ ಸರದಿ ಇನ್ನೂ ಬಾಕಿ ಇದೆ. ಎರಡನೇ ಸುತ್ತಿನಲ್ಲಿ ಬೇಕಾದ ಕಾಲೇಜು, ಬೇಕಾದ ಬ್ರಾಂಚ್, ಸಿಇಟಿ ಶುಲ್ಕದಲ್ಲೇ ಸಿಕ್ಕಿತು. ಕಾಮೆಡ್‌-ಕೆ ಸೀಟನ್ನು ಕೊನೆಯ ದಿನಾಂಕದೊಳಗೆ ಬಿಟ್ಟುಕೊಟ್ಟೆ.